ಚಂಡಮಾರುತದ ಕಾಲದಲ್ಲಿ ಮನೆಪಾಠ

ಹರಿಕೇನ್ ಎಂದರೆ ಹಳೆಯ ತಲೆಮಾರಿನ ಕನ್ನಡಿಗರಿಗೆ ನೆನಪಾಗುವುದು ಬಿರುಗಾಳಿಯಲ್ಲ, ಲಾಟೀನು. ಗಾಳಿಗೆ ಸುಲಭವಾಗಿ ಆರದ ದೀಪ ಎಂದು ಅದಕ್ಕೆ ಬಿರುಗಾಳಿಯ ಹೆಸರನ್ನೇ ಇಟ್ಟರು. ಕರೆಂಟು ಬಾರದ ಊರುಗಳಲ್ಲಿ ಅದರ ಗಾಜಿನ ಬುರುಡೆಯನ್ನು ಬೂದಿಯಿಂದ ಉಜ್ಜಿ, ಬತ್ತಿಯ ತುದಿ ಕತ್ತರಿಸಿ, ಆ ಬೆಳಕಿನಲ್ಲಿ ಮಗ್ಗಿ ಬಾಯಿಪಾಠ ಮಾಡಿದವರು ಎಷ್ಟೋ ಮಂದಿ. ತೀರ್ಥಹಳ್ಳಿ ಸೀಮೆಯ ಆ ಅಜ್ಜಿಯೂ ಅಂಥವರಲ್ಲಿ ಒಬ್ಬರು. 2024ರ ಜುಲೈಯಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಫ್ಲಾರಿಡಾ ರಾಜ್ಯಕ್ಕೆ ಹೊರಟಾಗ, ‘ಅಲ್ಲಿ ಈಗ ಹರಿಕೇನ್ ಕಾಲ’ ಎಂದು ಯಾರೋ ಹೇಳಿದರು. ಅಜ್ಜಿ ನಕ್ಕರು. ಆಗುಂಬೆಯ ಮಗ್ಗುಲಿನಲ್ಲಿ ಹುಟ್ಟಿ ಬೆಳೆದವರಿಗೆ ಗಾಳಿಮಳೆಯ ಹೆದರಿಕೆ ಹೇಳುವವರುಂಟೇ?

ಮಗಳು, ಅಳಿಯ, ಹನ್ನೆರಡು ವರ್ಷದ ಮೊಮ್ಮಗಳು, ಒಂಬತ್ತು ವರ್ಷದ ಮೊಮ್ಮಗ ಇದ್ದದ್ದು ಸೇಂಟ್ ಪೀಟರ್ಸ್‌ಬರ್ಗ್ ಎಂಬ ಊರಿನಲ್ಲಿ. ಫ್ಲಾರಿಡಾದ ಪಶ್ಚಿಮ ಕರಾವಳಿಯಲ್ಲಿ ಟ್ಯಾಂಪಾ ಕೊಲ್ಲಿಗೂ ಮೆಕ್ಸಿಕೋ ಕೊಲ್ಲಿಗೂ ನಡುವೆ ನಾಲಗೆಯಂತೆ ಚಾಚಿದ ನೆಲ ಅದು. ಅವರ ಮನೆಯಿಂದ ಒಳಕೊಲ್ಲಿಯ ನೀರಿಗೆ ಹತ್ತು ನಿಮಿಷದ ನಡಿಗೆ. ಅಂಗಳದ ಮಣ್ಣು ಮರಳು, ನೆಲವೆಲ್ಲ ಚಪ್ಪಟೆ. ಕಣ್ಣು ಹಾಯಿಸಿದಷ್ಟು ದೂರವೂ ಒಂದು ಗುಡ್ಡ ಕಾಣದ ಊರಿನಲ್ಲಿ ಅಜ್ಜಿಗೆ ಮೊದಲ ವಾರ ದಿಕ್ಕೇ ತಿಳಿಯಲಿಲ್ಲ.

ಆದರೆ ಅಜ್ಜಿಗೆ ನುಂಗಲಾಗದ ತುತ್ತಾದದ್ದು ಊರಲ್ಲ, ಆ ಮನೆಯ ಪದ್ಧತಿ. ಮೊಮ್ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಿರಲಿಲ್ಲ. ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಮೇಜು, ಕುರ್ಚಿ, ಕರಿಹಲಗೆ, ಪುಸ್ತಕದ ಕಪಾಟು ಇಟ್ಟು ತಾಯಿಯೇ ಪಾಠ ಹೇಳುತ್ತಿದ್ದಳು. ನಮ್ಮಲ್ಲಿ ಮನೆಪಾಠವೆಂದರೆ ಶಾಲೆ ಬಿಟ್ಟ ಮೇಲೆ ನಡೆಯುವ ಟ್ಯೂಷನ್. ಇಲ್ಲಿ ಮನೆಪಾಠವೇ ಶಾಲೆ. 2020ರಲ್ಲಿ ಕೋವಿಡ್ಡಿನಿಂದ ಶಾಲೆಗಳು ಮುಚ್ಚಿದಾಗ ಅನಿವಾರ್ಯವಾಗಿ ಶುರುವಾದದ್ದು, ತರಗತಿಯ ಗದ್ದಲದಲ್ಲಿ ಮುದುರಿ ಕೂರುತ್ತಿದ್ದ ಹುಡುಗ ಮನೆಯಲ್ಲಿ ಬಾಯಿಬಿಟ್ಟು ಪ್ರಶ್ನೆ ಕೇಳತೊಡಗಿದ್ದರಿಂದ ಮುಂದುವರಿಯಿತು.

ಅಜ್ಜಿಯ ಸಂಕಟಕ್ಕೂ ಕಾರಣವಿತ್ತು. ಮೂವತ್ತನಾಲ್ಕು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದವರು ಅವರು. ಜೂನ್ ತಿಂಗಳ ಮಳೆಯಲ್ಲಿ ಕೊಡೆ ಹಿಡಿದು ಗದ್ದೆ ಅಂಚಿನ ಮೇಲೆ ನಡೆದು, ಮನೆಮನೆಗೆ ಹೋಗಿ, ‘ಮಗೂನ ಶಾಲೆಗೆ ಕಳಿಸಿ’ ಎಂದು ತಂದೆತಾಯಿಯರನ್ನು ಒಪ್ಪಿಸಿ ಹಾಜರಿ ಪುಸ್ತಕ ತುಂಬಿಸಿದವರು. ಅವರ ಮಗಳೇ ಈಗ ಮಕ್ಕಳನ್ನು ಮನೆಯಲ್ಲಿ ಕೂರಿಸಿಕೊಂಡಿದ್ದಳು. ‘ಅಲ್ವೇ, ನಾನು ಮನೆಯಿಂದ ಶಾಲೆಗೆ ಕರೆತಂದ ಮಕ್ಕಳ ಲೆಕ್ಕ ನೂರಾರು. ನೀನು ಎರಡನ್ನು ವಾಪಸು ತಂದಿದ್ದೀಯ’ ಎಂದರು ಒಂದು ದಿನ. ಮಗಳು ‘ಅಮ್ಮಾ, ಮತ್ತೆ ಶುರುಮಾಡಬೇಡ’ ಎಂದು ಒಳಗೆ ಹೋದಳು. ಆಗ ಅವಳಿಗೆ ಒಂಬತ್ತನೇ ತಿಂಗಳು. ವಾದಕ್ಕೆ ಅದು ಕಾಲವಾಗಿರಲಿಲ್ಲ.

ಮನೆಯಲ್ಲಿ ಕಲಿಸುವುದೆಂದರೆ ಹೇಳುವವರು ಕೇಳುವವರು ಇಲ್ಲದ ವ್ಯವಹಾರ ಎಂದು ಭಾವಿಸಬೇಕಿಲ್ಲ. ಫ್ಲಾರಿಡಾದಲ್ಲಿ 1985ರಿಂದಲೇ ಇದಕ್ಕೆ ಕಾನೂನಿನ ಒಪ್ಪಿಗೆ ಇದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಆ ರಾಜ್ಯದಲ್ಲಿ ಹೀಗೆ ಕಲಿಯುತ್ತಾರೆ. ಪಾಠ ಶುರುಮಾಡಿದ ಮೂವತ್ತು ದಿನದೊಳಗೆ ಜಿಲ್ಲೆಯ ಶಿಕ್ಷಣಾಧಿಕಾರಿಗೆ ಬರೆದು ತಿಳಿಸಬೇಕು. ಯಾವ ದಿನ ಏನು ಕಲಿಸಿದೆವು ಎಂಬ ದಿನಚರಿಯನ್ನು ಆಗಿಂದಾಗ್ಗೆ ಬರೆಯಬೇಕು. ಓದಿದ ಪುಸ್ತಕಗಳ ಪಟ್ಟಿ, ಮಕ್ಕಳು ಬರೆದದ್ದರ, ಮಾಡಿದ್ದರ ಮಾದರಿಗಳು ಕಡತದಲ್ಲಿರಬೇಕು. ಆ ಕಡತವನ್ನು ಎರಡು ವರ್ಷ ಜೋಪಾನ ಮಾಡಬೇಕು. ಅಧಿಕಾರಿಗಳು ಹದಿನೈದು ದಿನದ ನೋಟೀಸು ಕೊಟ್ಟು ಕೇಳಿದರೆ ತೋರಿಸಬೇಕು. ವರ್ಷಕ್ಕೊಮ್ಮೆ ಮಗುವಿನ ಪ್ರಗತಿಯ ಮೌಲ್ಯಮಾಪನವೂ ಆಗಬೇಕು. ಅರ್ಹತೆಯುಳ್ಳ ಶಿಕ್ಷಕರೊಬ್ಬರು ಕಡತ ನೋಡಿ, ಮಗುವನ್ನು ಮಾತಾಡಿಸಿ ಬರೆದುಕೊಡುವುದು ಅದಕ್ಕಿರುವ ದಾರಿಗಳಲ್ಲಿ ಒಂದು. ಶಾಲೆಯಲ್ಲಾದರೆ ಮಗು ಹಿಂದೆ ಬಿದ್ದರೆ ಮೇಷ್ಟ್ರನ್ನು ಬೈಯಬಹುದು. ಇಲ್ಲಿ ಮೇಷ್ಟ್ರೂ ತಾಯಿಯೇ. ಆ ಹೊರೆ ಎಷ್ಟು ಭಾರವೆಂದು ಅವಳಿಗಷ್ಟೇ ಗೊತ್ತಿತ್ತು.

ಆಗಸ್ಟ್ 5ರಂದು ಡೆಬಿ ಎಂಬ ಬಿರುಗಾಳಿ ಉತ್ತರದ ಕಡೆ ಭೂಮಿಗೆ ತಾಗಿ ಹೋಯಿತು. ರಸ್ತೆಯಲ್ಲಿ ನೀರು ನಿಂತಿತು, ಇಳಿಯಿತು. ‘ಇಷ್ಟೇನಾ?’ ಎಂದರು ಅಜ್ಜಿ. ಆಗಸ್ಟ್ ಮೂರನೇ ವಾರ ಗಂಡುಕೂಸು ಹುಟ್ಟಿತು. ಆಮೇಲೆ ಆ ಮನೆಯಲ್ಲಿ ಯಾರಿಗೂ ಪುರಸೊತ್ತಿಲ್ಲ. ಬೆಳಿಗ್ಗೆ ಎಣ್ಣೆನೀರು, ಬಜೆ ತೇಯುವುದು, ಬಾಣಂತಿಗೆ ಲೇಹ್ಯ, ಬೆಳ್ಳುಳ್ಳಿ ಸಾರು. ಹತ್ತಕ್ಕೆ ಗ್ಯಾರೇಜಿನಲ್ಲಿ ಭಿನ್ನರಾಶಿ, ಹನ್ನೊಂದಕ್ಕೆ ಕೂಸು ಅತ್ತರೆ ಭಿನ್ನರಾಶಿ ಅಲ್ಲಿಗೇ ನಿಲ್ಲುವುದು. ತೊಟ್ಟಿಲು ತೂಗುತ್ತಲೇ ಮಗಳು ಸಮಾಜ ಪಾಠ ಹೇಳುತ್ತಿದ್ದಳು. ಗಣೇಶನ ಹಬ್ಬವೂ ಇದರ ನಡುವೆಯೇ ಬಂದು ಹೋಯಿತು. ಗ್ಯಾರೇಜಿನ ಕಡೆ ತಲೆ ಹಾಕುವುದಿಲ್ಲವೆಂದಿದ್ದ ಅಜ್ಜಿ, ಮಗಳ ಕಷ್ಟ ನೋಡಲಾರದೆ ಸೆಪ್ಟೆಂಬರ್ ಹೊತ್ತಿಗೆ ಹುಡುಗನಿಗೆ ಬಾಯಿಲೆಕ್ಕ ಹೇಳಿಕೊಡತೊಡಗಿದ್ದರು.

ಸೆಪ್ಟೆಂಬರ್ 24ರಂದು ಹೆಲೀನ್ ಎಂಬ ಹೆಸರು ಟಿವಿಯಲ್ಲಿ ಬಂತು. ಸಮುದ್ರದ ನೀರು ಸುಮಾರು 27 ಡಿಗ್ರಿಗಿಂತ ಬೆಚ್ಚಗಿದ್ದರೆ ಬಿರುಗಾಳಿಗೆ ಅದೇ ಉರುವಲು. ನೀರು ಆವಿಯಾಗಿ ಮೇಲೇರಿ, ಮೋಡವಾಗುವಾಗ ಬಿಟ್ಟುಕೊಡುವ ಶಾಖ ಆ ಸುಳಿಯನ್ನು ತಿರುಗಿಸುತ್ತದೆ. ಬಂಗಾಳಕೊಲ್ಲಿಯಲ್ಲಿ ಎದ್ದು ಆಂಧ್ರ, ಒಡಿಶಾಗಳನ್ನು ಬಡಿಯುವ ಸೈಕ್ಲೋನೂ ಇದೇ ಜಾತಿಯದು. ಹೆಸರು ಮಾತ್ರ ಬೇರೆ. ಅಲ್ಲಿನ ಜಿಲ್ಲಾಡಳಿತಗಳು ಕರಾವಳಿಯನ್ನು ತಗ್ಗುಎತ್ತರದ ಪ್ರಕಾರ ‘ಎ’ಯಿಂದ ‘ಇ’ವರೆಗೆ ವಲಯಗಳಾಗಿ ವಿಂಗಡಿಸಿವೆ. ಇವರದು ‘ಎ’. ಮನೆ ಬಿಡಬೇಕೆಂಬ ಆಜ್ಞೆ ಬಂತು. ಬಾಣಂತಿಗೆ ಇನ್ನೂ ನಲವತ್ತು ದಿನ ತುಂಬಿರಲಿಲ್ಲ. ಹೊಸಿಲು ದಾಟಿಸಬಾರದೆಂಬ ಶಾಸ್ತ್ರವನ್ನು ಅಜ್ಜಿ ಎತ್ತಲೇ ಇಲ್ಲ. ಕೂಸನ್ನು ಹಳೆಯ ಹತ್ತಿಸೀರೆಯಲ್ಲಿ ಸುತ್ತಿ ತಾವೇ ಮೊದಲು ಕಾರಿನಲ್ಲಿ ಕೂತರು. ಅದೇ ಊರಿನ ಎತ್ತರದ ಬಡಾವಣೆಯಲ್ಲಿದ್ದ ಪರಿಚಯದವರ ಮನೆಯಲ್ಲಿ ರಾತ್ರಿ ಕಳೆದರು.

ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಭೂಮಿ ಮುಟ್ಟಿದ್ದು ಅಲ್ಲಿಂದ ಬಹುದೂರ, ಉತ್ತರದ ಪೆರಿ ಎಂಬ ಊರಿನ ಹತ್ತಿರ. ಗಂಟೆಗೆ ಸುಮಾರು 225 ಕಿ.ಮೀ. ವೇಗದಲ್ಲಿ. ಸೇಂಟ್ ಪೀಟರ್ಸ್‌ಬರ್ಗ್‌ನ ಮಟ್ಟಿಗೆ ಅದು ನೂರೈವತ್ತು ಕಿ.ಮೀ.ಗೂ ಆಚೆ ಕಡಲಿನಲ್ಲೇ ಹಾದುಹೋಗಿತ್ತು. ಆದರೂ ಕೊಲ್ಲಿಯ ನೀರು ಮಾಮೂಲಿ ಉಬ್ಬರದ ಮಟ್ಟಕ್ಕಿಂತ ಆರಡಿಗೂ ಹೆಚ್ಚು ಏರಿತು. ಆ ಜಿಲ್ಲೆಯೊಂದರಲ್ಲೇ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಮುಂದೆ ಅದೇ ಬಿರುಗಾಳಿ ಉತ್ತರ ಕೆರೊಲಿನಾದ ಬೆಟ್ಟದೂರುಗಳ ಮೇಲೆ ಮಳೆ ಸುರಿದು, ಗುಡ್ಡಗಳು ಕುಸಿದು, ಒಟ್ಟು ಸಾವಿನ ಲೆಕ್ಕ ಇನ್ನೂರು ದಾಟಿತು. ಜುಲೈಯಲ್ಲಿ ವಯನಾಡು ಕುಸಿದದ್ದನ್ನು ಫೋನಿನಲ್ಲಿ ನೋಡಿದ್ದ ಅಜ್ಜಿ, ಆ ಚಿತ್ರಗಳನ್ನು ನೋಡಿ ಟಿವಿ ಆರಿಸಲು ಹೇಳಿದರು.

ಮರುದಿನ ಮನೆಗೆ ಬಂದು ನೋಡಿದರೆ ನೀರು ಮೆಟ್ಟಿಲಿನವರೆಗೆ ಬಂದು ಹಿಂದೆ ಸರಿದಿತ್ತು. ಮನೆಯ ಒಳಗೆ ಹನಿ ಇಲ್ಲ. ಆದರೆ ಮನೆಗಿಂತ ತಗ್ಗಿನಲ್ಲಿದ್ದ ಗ್ಯಾರೇಜಿನಲ್ಲಿ ಮೊಣಕಾಲಿನವರೆಗೆ ಸಮುದ್ರ ನಿಂತು ಹೋಗಿತ್ತು. ಗೋಡೆಯ ಮೇಲೆ ಅದರ ಗೆರೆ ಎಳೆದಂತೆ ಕಾಣುತ್ತಿತ್ತು. ಕಪಾಟಿನ ಕೆಳಗಿನ ಎರಡು ಅಂತಸ್ತು ಆ ಗೆರೆಯ ಕೆಳಗಿದ್ದವು. ಅದರಲ್ಲಿ ಹಿಂದಿನ ವರ್ಷದ ಕಡತವಿದ್ದ ರಟ್ಟಿನ ಪೆಟ್ಟಿಗೆಯೂ ಇತ್ತು.

ಮಗಳು ಆ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಅತ್ತಳು. ಸೋಫಾ ಹೋಗಿದ್ದರೆ ಅಷ್ಟು ಅಳುತ್ತಿರಲಿಲ್ಲವೇನೋ. ಒಂದು ವರ್ಷ ತಾನು ಕಲಿಸಿದೆ ಎಂಬುದಕ್ಕೆ ಅವಳ ಬಳಿಯಿದ್ದ ಸಾಕ್ಷಿ ಅದೊಂದೇ. ಅಜ್ಜಿ ಏನೂ ಹೇಳಲಿಲ್ಲ. ಸೆರಗು ಸಿಕ್ಕಿಸಿ, ಪೆಟ್ಟಿಗೆಯನ್ನು ಹಿತ್ತಲಿಗೆ ಒಯ್ದರು. ಮಲೆನಾಡಿನವರಿಗೆ ಒದ್ದೆಯ ಜೊತೆ ಬಾಳುವುದು ಗೊತ್ತು. ಅಂಟಿಕೊಂಡ ಹಾಳೆಗಳನ್ನು ಎಳೆಯದೆ, ಉಪ್ಪು ಹೋಗಲೆಂದು ಬೋಗುಣಿಯ ಸಿಹಿನೀರಿನಲ್ಲಿ ಅದ್ದಿ, ಒಂದೊಂದಾಗಿ ಬಿಡಿಸಿ, ಒಣಬಟ್ಟೆಯ ಮೇಲೆ ಹರಡಿದರು. ತಂತಿ ಕಟ್ಟಿ ಕ್ಲಿಪ್ಪು ಹಾಕುವ ಕೆಲಸ ಮೊಮ್ಮಕ್ಕಳದು. ಮೂರು ದಿನ ಆ ಹಿತ್ತಲು ಹಪ್ಪಳ ಒಣಹಾಕಿದ ಮಾಳಿಗೆಯಂತಿತ್ತು.

ಆಗ ಹುಡುಗಿ ಒಂದು ಸಂಗತಿ ಕಂಡಳು. ಸ್ಕೆಚ್ ಪೆನ್ನಿನ ಚಿತ್ರಗಳು, ಜೆಲ್ ಪೆನ್ನಿನ ಪ್ರಬಂಧಗಳು ಬಣ್ಣದ ಕಲೆಗಳಾಗಿದ್ದವು. ತಮ್ಮನ ಪೆನ್ಸಿಲಿನ ಲೆಕ್ಕಗಳು ಮಾತ್ರ, ತಪ್ಪು ಒಪ್ಪು ಸಹಿತ, ಇದ್ದಂತೆಯೇ ಇದ್ದವು. ‘ಯಾಕಜ್ಜಿ?’ ಎಂದಳು. ಪೆನ್ಸಿಲಿನ ಕಡ್ಡಿಯಲ್ಲಿ ಇರುವುದು ಗ್ರಾಫೈಟು ಮತ್ತು ಜೇಡಿ. ಗ್ರಾಫೈಟೆಂದರೆ ಇಂಗಾಲ, ಅದು ನೀರಿನಲ್ಲಿ ಕರಗುವ ವಸ್ತುವಲ್ಲ. ಸಣ್ಣ ಪುಡಿಯಾಗಿ ಕಾಗದದ ನಾರುಗಳ ನಡುವೆ ಸಿಕ್ಕಿಕೊಂಡು ಕೂರುತ್ತದೆ. ಸ್ಕೆಚ್ ಪೆನ್ನಿನದು ನೀರಿನಲ್ಲಿ ಕರಗಿಸಿದ ಬಣ್ಣ. ನೀರು ಬಂದರೆ ಮತ್ತೆ ನೀರಿನ ಜೊತೆ ಹೊರಡುತ್ತದೆ. ‘ಅದಕ್ಕೇ ಮೊದಲು ಪೆನ್ಸಿಲಿನಲ್ಲಿ ಬರೀರಿ ಅಂತ ನಾವು ಹೇಳ್ತಿದ್ದದ್ದು’ ಎಂದು ಅಜ್ಜಿ ಸೇರಿಸಿದರು. ಅದಕ್ಕಲ್ಲವೆಂದು ಮಗಳಿಗೆ ಗೊತ್ತಿತ್ತು. ಎರಡು ದಿನದ ಮೇಲೆ ಮೊದಲ ಬಾರಿ ನಕ್ಕಳು.

ಎರಡನೆಯ ಪಾಠ ಹೇಳಿದವರು ಪಕ್ಕದ ಮನೆಯ ಮುದುಕರು, ನಿವೃತ್ತ ಎಲೆಕ್ಟ್ರೀಷಿಯನ್. ಆರು ವರ್ಷ ಪಕ್ಕದಲ್ಲಿದ್ದರೂ ಕೈಬೀಸಿ ನಗುವುದಕ್ಕಿಂತ ಹೆಚ್ಚಿನ ಬಳಕೆ ಇರಲಿಲ್ಲ. ಉಪ್ಪುನೀರು ಹೊಕ್ಕ ಪ್ಲಗ್ಗುಗಳನ್ನು ಮುಟ್ಟಬೇಡಿ ಎಂದು ಓಡಿಬಂದು ಮೇನ್ ಸ್ವಿಚ್ ಆರಿಸಿದವರು ಅವರೇ. ಅಲ್ಲಿನ ಒಳಗೋಡೆಗಳು ಇಟ್ಟಿಗೆಯವಲ್ಲ, ಜಿಪ್ಸಮ್ ಹಲಗೆಯವು. ನೀರಿನ ಗೆರೆಗಿಂತ ಒಂದಡಿ ಮೇಲಿನವರೆಗೂ ಹಲಗೆ ಕತ್ತರಿಸಿ ತೆಗೆಯಬೇಕೆಂದರು. ನೆಂದದ್ದು ಕೆಳಗೆ ತಾನೇ, ಮೇಲಿನದನ್ನೇಕೆ ತೆಗೆಯಬೇಕು ಎಂಬುದು ಹುಡುಗನ ಪ್ರಶ್ನೆ. ಅಜ್ಜಿಗೆ ಇಂಗ್ಲಿಷಿನ ವಿವರಣೆ ಪೂರ್ತಿ ತಿಳಿಯದಿದ್ದರೂ ವಿಷಯ ತಿಳಿಯಿತು. ‘ಲಾಟೀನಿನ ಬತ್ತಿ ನೋಡಿಲ್ಲವಾ ಮರಿ? ಎಣ್ಣೆ ಕೆಳಗಿರುತ್ತೆ, ದೀಪ ಮೇಲೆ ಉರಿಯುತ್ತೆ. ಸಣ್ಣಸಣ್ಣ ಸಂದಿನಲ್ಲಿ ಎಣ್ಣೆ ತಾನೇ ಹತ್ತುತ್ತೆ. ಈ ಗೋಡೆಯೂ ಬತ್ತಿಯೇ’ ಎಂದರು. ಮೊಮ್ಮಗಳು ಅದನ್ನು ಇಂಗ್ಲಿಷಿಗೆ ಹೇಳಿದಳು. ಮುದುಕರು ತಲೆದೂಗಿ, ತಮ್ಮ ಗರಗಸವನ್ನು ಹುಡುಗನ ಕೈಗೆ ಕೊಟ್ಟರು.

ಬೀದಿಯ ಉದ್ದಕ್ಕೂ ಮನೆಮನೆಯ ಮುಂದೆ ನೆಂದ ಹಾಸಿಗೆ, ಸೋಫಾ, ಫ್ರಿಜ್ಜು, ಮುರಿದ ಗೋಡೆಹಲಗೆಗಳ ರಾಶಿ ಬಿತ್ತು. ಒಂದು ಸಂಸಾರದ ಒಳಗೆಲ್ಲ ಬೀದಿಗೆ ಬಂದಂತೆ. ಆ ರಾಶಿಗಳನ್ನು ಎತ್ತಿ ಮುಗಿಸುವ ಮೊದಲೇ, ಅಕ್ಟೋಬರ್ 5ರಂದು, ಮೆಕ್ಸಿಕೋ ಕೊಲ್ಲಿಯ ನೈಋತ್ಯ ಮೂಲೆಯಲ್ಲಿ ಇನ್ನೊಂದು ಸುಳಿ ಎದ್ದಿತು. ಅದರ ಹೆಸರು ಮಿಲ್ಟನ್.

ನವರಾತ್ರಿ ಆಗಷ್ಟೇ ಶುರುವಾಗಿತ್ತು. ಅಜ್ಜಿ ಊರಿನಿಂದ ಸೀರೆಯ ಮಡಿಕೆಗಳ ನಡುವೆ ತಂದಿದ್ದ ಪಟ್ಟದ ಗೊಂಬೆಗಳನ್ನು ಎರಡು ಮೆಟ್ಟಿಲಿನ ಮೇಲೆ ಕೂರಿಸಿದ್ದರು. ಅಕ್ಟೋಬರ್ 7ರ ಸೋಮವಾರದ ಹೊತ್ತಿಗೆ ಮಿಲ್ಟನ್ ಒಂದೇ ದಿನದಲ್ಲಿ ಊಹೆಗೆ ಮೀರಿ ಬೆಳೆದು ಐದನೆಯ ದರ್ಜೆಗೆ ಏರಿತು. ಗಾಳಿಯ ವೇಗ ಗಂಟೆಗೆ 285 ಕಿ.ಮೀ. ಮುಟ್ಟಿತು. ಅದರ ದಾರಿ ನೇರ ಟ್ಯಾಂಪಾ ಕೊಲ್ಲಿಯ ಕಡೆಗೆ. ಅಷ್ಟು ದೊಡ್ಡ ಬಿರುಗಾಳಿ ಆ ಕೊಲ್ಲಿಯನ್ನು ನೇರವಾಗಿ ಹೊಡೆದದ್ದು 1921ರಲ್ಲಿ. ಕಂಡವರು ಯಾರೂ ಉಳಿದಿಲ್ಲ. ಹತ್ತು ಹದಿನೈದು ಅಡಿ ನೀರು ಬರಬಹುದೆಂದರು. ಬೀದಿಯ ರಾಶಿಗಳು ಗಾಳಿಗೆ ಎದ್ದು ಮನೆಗಳಿಗೆ ಬಡಿದಾವೆಂಬ ಭಯ ಬೇರೆ. ಹಗಲು ರಾತ್ರಿ ಲಾರಿಗಳು ಓಡಾಡಿದರೂ ರಾಶಿ ಕರಗಲಿಲ್ಲ.

ಎಲ್ಲಿಗೆ ಹೋಗುವುದು? ಉತ್ತರದ ಹೆದ್ದಾರಿಯಲ್ಲಿ ಕಾರುಗಳು ಇರುವೆ ಸಾಲಿನಂತೆ ನಿಂತಿದ್ದವು. ಪೆಟ್ರೋಲ್ ಬಂಕುಗಳು ಒಂದೊಂದಾಗಿ ಬರಿದಾಗುತ್ತಿದ್ದವು. ಐವತ್ತು ದಿನದ ಕೂಸು, ಸಕ್ಕರೆ ಕಾಯಿಲೆಯ ಅಜ್ಜಿ. ‘ನೂರಾರು ಮೈಲಿ ಓಡುವುದು ಬೇಡ, ನೀರು ಬಾರದಷ್ಟು ಎತ್ತರಕ್ಕೆ ಹೋದರೆ ಸಾಕು’ ಎಂಬುದು ಅಲ್ಲಿನ ಬಲ್ಲವರ ಮಾತು. ನೀರಿನಿಂದ ಓಡಬೇಕು, ಗಾಳಿಯಿಂದ ಅಡಗಬೇಕು. ಪೂರ್ವಕ್ಕೆ ಒಂದೂವರೆ ಗಂಟೆಯ ಒಳಗಿನ ದಾರಿಯಲ್ಲಿ, ಸಮುದ್ರಮಟ್ಟಕ್ಕಿಂತ ಐವತ್ತು ಮೀಟರಿಗೂ ಎತ್ತರದಲ್ಲಿರುವ ಲೇಕ್‌ಲ್ಯಾಂಡ್ ಊರಿನಲ್ಲಿ ಅಳಿಯನ ಸ್ನೇಹಿತರ ಮನೆಯಿತ್ತು. ‘ಅತ್ತೆ, ನೀವೇನು ಹೇಳ್ತೀರಿ?’ ಎಂದು ಅಳಿಯ ಕೇಳಿದ. ‘ಕೂಸು ಎಲ್ಲಿ ಕ್ಷೇಮವೋ ಅಲ್ಲಿಗೆ’ ಎಂದರು ಅಜ್ಜಿ.

ಮಂಗಳವಾರ ಬೆಳಿಗ್ಗೆ ಹೊರಟರು. ಪಾಸ್‌ಪೋರ್ಟುಗಳು, ಬಜೆ, ಲೇಹ್ಯದ ಡಬ್ಬಿ, ಪಟ್ಟದ ಗೊಂಬೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದ ಕಡತಗಳು. ಅಜ್ಜಿಯ ಇನ್ಸುಲಿನ್ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ. ಅದರ ಹೊಣೆ ಹುಡುಗಿಯದು. ಸೀಸೆ ಮಂಜುಗಡ್ಡೆಗೆ ತಾಗಬಾರದು, ಹೆಪ್ಪುಗಟ್ಟಿದರೆ ಔಷಧಿ ಕೆಡುತ್ತದೆ ಎಂದು ಓದಿಕೊಂಡು, ಟವೆಲಿನಲ್ಲಿ ಸುತ್ತಿ ಇಟ್ಟಿದ್ದಳು. ಬಳಕೆಯಲ್ಲಿರುವ ಸೀಸೆ ತಂಪಾದ ಕೋಣೆಯಲ್ಲಿ ಕೆಲವು ವಾರ ತಡೆಯುತ್ತದೆ, ಫ್ರಿಜ್ಜು ಬೇಕಾದದ್ದು ಒಡೆಯದ ಸೀಸೆಗಳಿಗೆ ಎಂಬುದನ್ನೂ ಅವಳೇ ಕಂಡುಹಿಡಿದು ಅಜ್ಜಿಗೆ ಧೈರ್ಯ ಹೇಳಿದಳು.

ಹೊರಡುವ ಹೊತ್ತಿಗೆ ಎದುರುಮನೆಯ ಒಂಟಿ ಮುದುಕಿ ಚೀಲ ಹಿಡಿದು ನಿಂತಿದ್ದರು. ಪಕ್ಕದ ಎಲೆಕ್ಟ್ರೀಷಿಯನ್ ಅವರನ್ನು ತಮ್ಮ ವ್ಯಾನಿನಲ್ಲಿ ಕರೆದೊಯ್ಯುವವರಿದ್ದರು. ಎಲ್ಲಿಗೆಂದರೆ ಸರ್ಕಾರಿ ಶಾಲೆಗೆ. ಫ್ಲಾರಿಡಾದಲ್ಲಿ ಬಿರುಗಾಳಿಯ ಆಶ್ರಯತಾಣಗಳಲ್ಲಿ ಬಹುಪಾಲು ಶಾಲೆಯ ಕಟ್ಟಡಗಳೇ. ಗಾಳಿಗೆ ತಡೆಯುವಂತೆ ಕಟ್ಟಿದ ಗೋಡೆ, ದೊಡ್ಡ ಅಡುಗೆಮನೆ, ವಿಶಾಲ ಹಜಾರ. ಕಾರಿನಲ್ಲಿ ಹುಡುಗ ಕೇಳಿದ: ‘ನಾವು ಶಾಲೆಗೆ ಸೇರಿಲ್ಲವಲ್ಲ, ನಮ್ಮನ್ನು ಒಳಗೆ ಬಿಡ್ತಾರಾ ಅಜ್ಜಿ?’ ಮಗಳು ಕಿಟಕಿಯಾಚೆ ನೋಡಿದಳು. ಅಜ್ಜಿಗೆ ಆಡಿ ತೋರಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಆದರೆ ಅವರು ಅಂದದ್ದು ಇಷ್ಟೇ: ‘ಮಳೆ ಬಂದಾಗ ಶಾಲೆಯವರು ಹಾಜರಿ ಪುಸ್ತಕ ನೋಡಲ್ಲ ಕಂದ. ನಮ್ಮೂರಲ್ಲೂ ಹೊಳೆ ಬಂದಾಗ ಬೀಗ ತೆಗೆದು ಎಲ್ಲರನ್ನೂ ಕೂರಿಸ್ತಿದ್ದೆವು. ದನಕರೂ ಬರ್ತಿದ್ದವು.’

ಲೇಕ್‌ಲ್ಯಾಂಡಿನ ಆ ಮನೆಯಲ್ಲಿ ಮೂರು ಸಂಸಾರ, ಹದಿಮೂರು ಜನ. ಸ್ನಾನದ ತೊಟ್ಟಿಗೆ ನೀರು ತುಂಬಿಸಿಟ್ಟರು. ನರಕ ಚತುರ್ದಶಿಗೆ ಮೊದಲೇ ನೀರು ತುಂಬುವ ಹಬ್ಬ ಬಂತೆಂದರು ಅಜ್ಜಿ. ಬುಧವಾರ, ಅಕ್ಟೋಬರ್ 9. ಸರಸ್ವತಿಯನ್ನು ಆವಾಹನೆ ಮಾಡುವ ದಿನ. ಕಿಟಕಿಯಿಂದ ದೂರದ ಮೂಲೆಯಲ್ಲಿ ಪಟ್ಟದ ಗೊಂಬೆ, ಅದರ ಮುಂದೆ ಮಕ್ಕಳ ಪುಸ್ತಕ, ಕಡತ ಇಟ್ಟು ಅರಿಸಿನ ಕುಂಕುಮ ಏರಿಸಿದರು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿವರೆಗೆ ತೆಗೆಯುವಂತಿಲ್ಲ; ಓದು ಬರಹ ಬಂದ್.

ಇಲ್ಲಿ ಒಂದು ತಕರಾರು ಬಂತು. ಹುಡುಗಿ ಅಪ್ಪನ ಫೋನಿನಲ್ಲಿದ್ದ ವಾಯುಭಾರಮಾಪಕ ನೋಡಿ, ಅರ್ಧ ಗಂಟೆಗೊಮ್ಮೆ ಒತ್ತಡ ಬರೆದಿಡಬೇಕೆಂದಿದ್ದಳು. ಬಿರುಗಾಳಿಯ ನಡು ಹತ್ತಿರವಾದಂತೆ ಒತ್ತಡ ಇಳಿಯುತ್ತದೆ, ದೂರವಾದಂತೆ ಏರುತ್ತದೆ. ಹೊರಗೆ ಇಣುಕದೆಯೇ ಅದು ಎಲ್ಲಿದೆಯೆಂದು ಊಹಿಸಬಹುದು. ‘ಅಳೆಯುವುದು ಓದು ಅಲ್ಲ ಅಜ್ಜಿ’ ಎಂದಳು. ‘ಬರೆಯುವುದು ಬರಹ ತಾನೇ?’ ಎಂದರು ಅಜ್ಜಿ. ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟರು: ಪೂಜೆಗಿಟ್ಟ ಪುಸ್ತಕ ಮುಟ್ಟುವಂತಿಲ್ಲ; ಹಳೆಯ ಲಕೋಟೆಯ ಹಿಂಬದಿ ಪುಸ್ತಕವಲ್ಲ. ಹುಡುಗಿ ಅಂಕಿ ಹೇಳಿದಳು, ಅಜ್ಜಿ ಪೆನ್ಸಿಲು ಹಿಡಿದು ಕನ್ನಡ ಅಂಕಿಗಳಲ್ಲಿ ಬರೆದುಕೊಂಡರು.

ಸಂಜೆ ಕತ್ತಲಾಗುತ್ತಲೇ ಕರೆಂಟು ಹೋಯಿತು. ರಾತ್ರಿ ಎಂಟೂವರೆಯ ಸುಮಾರಿಗೆ ಮಿಲ್ಟನ್ ಸ್ವಲ್ಪ ದುರ್ಬಲವಾಗಿ, ಮೂರನೆಯ ದರ್ಜೆಯಲ್ಲಿ, ಟ್ಯಾಂಪಾ ಕೊಲ್ಲಿಯ ದಕ್ಷಿಣಕ್ಕೆ ಸಿಯೆಸ್ಟಾ ಕೀ ಎಂಬಲ್ಲಿ ನೆಲ ಮುಟ್ಟಿತು. ಅದರ ಕೂಗು ಮಲೆನಾಡಿನ ಗಾಳಿಯದಲ್ಲ. ಮಲೆನಾಡಿನಲ್ಲಿ ಗಾಳಿ ಬೀಸಿ ಉಸಿರು ತೆಗೆದುಕೊಳ್ಳುತ್ತದೆ. ಇದು ಗಂಟೆಗಟ್ಟಲೆ ಉಸಿರೇ ತೆಗೆದುಕೊಳ್ಳಲಿಲ್ಲ. ಹತ್ತು ಗಂಟೆಯ ಅಂಕಿ ಬರೆಯುವಾಗ ಎಲ್ಲೋ ಮರ ಮುರಿದು ಬಿದ್ದು ನೆಲ ಅದುರಿತು. ಕೂಸು ಮಾತ್ರ ಅಜ್ಜಿಯ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. ಒತ್ತಡದ ಅಂಕಿ ಇಳಿಯುತ್ತಲೇ ಹೋಗಿ, ನಡುರಾತ್ರಿಯ ಹೊತ್ತಿಗೆ ನಿಂತು, ಆಮೇಲೆ ಏರತೊಡಗಿತು. ‘ತಿರುಗಿತು’ ಎಂದಳು ಹುಡುಗಿ. ಹದಿಮೂರು ಜನಕ್ಕೂ ಅದು ಟಿವಿಯ ವಾರ್ತೆಗಿಂತ ಮೊದಲೇ ತಿಳಿದ ಸುದ್ದಿ.

ಬೆಳಗಾದ ಮೇಲೆ ಕಂಡ ವಿಚಿತ್ರವೆಂದರೆ, ಟ್ಯಾಂಪಾ ಕೊಲ್ಲಿ ತುಂಬುವ ಬದಲು ಬರಿದಾಗಿತ್ತು. ದೂರದಲ್ಲೇ ಹೋದ ಹೆಲೀನ್ ಕೊಲ್ಲಿಯನ್ನು ತುಂಬಿಸಿದರೆ, ಹತ್ತಿರವೇ ಹಾದ ಮಿಲ್ಟನ್ ಅದರ ನೀರನ್ನು ಹೊರಗೆ ತಳ್ಳಿತ್ತು. ಹುಡುಗಿ ರಟ್ಟಿನ ಚಕ್ರ ಕತ್ತರಿಸಿ, ಅದರ ಅಂಚಿಗೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಬಾಣದ ಗುರುತು ಹಾಕಿ, ಭೂಪಟದ ಮೇಲೆ ಇಟ್ಟು ತಮ್ಮನಿಗೆ ತೋರಿಸಿದಳು. ಭೂಮಧ್ಯರೇಖೆಯ ಉತ್ತರಕ್ಕೆ ಬಿರುಗಾಳಿ ಹಾಗೆಯೇ ಸುತ್ತುತ್ತದೆ. ಚಕ್ರವನ್ನು ಕೊಲ್ಲಿಯ ಪಶ್ಚಿಮಕ್ಕೆ ಇಟ್ಟರೆ ಬಾಣ ಕೊಲ್ಲಿಯೊಳಕ್ಕೆ ನೀರು ನೂಕುತ್ತದೆ, ಅದು ಹೆಲೀನ್. ದಕ್ಷಿಣಕ್ಕೆ ಇಟ್ಟರೆ ಬಾಣ ನೆಲದಿಂದ ಕಡಲಿನ ಕಡೆಗೆ, ಅದು ಮಿಲ್ಟನ್. ಕೆಲವು ಹತ್ತು ಕಿ.ಮೀ. ಉತ್ತರಕ್ಕೆ ಸರಿದಿದ್ದರೆ ಅವರ ಮನೆಯಿದ್ದ ಬೀದಿಯ ಕಥೆ ಬೇರೆಯಾಗುತ್ತಿತ್ತು. ಮಗಳು ಚಕ್ರವನ್ನು ಆ ಜಾಗಕ್ಕೆ ಸರಿಸಿ ನೋಡಿ, ಸುಮ್ಮನೆ ಎತ್ತಿಟ್ಟಳು.

ಸಮುದ್ರ ಬಾರದಿದ್ದರೂ ಸೇಂಟ್ ಪೀಟರ್ಸ್‌ಬರ್ಗ್ ಉಳಿದುಕೊಂಡಿತೆನ್ನುವಂತಿರಲಿಲ್ಲ. 18 ಅಂಗುಲಕ್ಕೂ ಹೆಚ್ಚು ಮಳೆ ಸುರಿದಿತ್ತು. ಆಗುಂಬೆಯಲ್ಲಾದರೆ ನೀರು ಇಳಿದು ಹೋಗಲು ಘಟ್ಟವಿದೆ. ಇಲ್ಲಿ ಇಳಿಯಲು ಜಾಗವೇ ಇಲ್ಲ. ಬೇಸ್‌ಬಾಲ್ ಕ್ರೀಡಾಂಗಣದ ಬಟ್ಟೆಯ ಚಾವಣಿ ಹರಿದುಹೋಗಿತ್ತು. ನಗರದ ನಡುವೆ ದೊಡ್ಡ ಕ್ರೇನು ಕಟ್ಟಡವೊಂದರ ಮೇಲೆ ಬಿದ್ದಿತ್ತು. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಕರೆಂಟಿಲ್ಲ. ಕುಡಿಯುವ ನೀರಿನ ಮುಖ್ಯ ಕೊಳವೆ ಒಡೆದು, ನೀರು ಬಂದ ಮೇಲೂ ಕುದಿಸಿ ಕುಡಿಯಿರೆಂಬ ಸೂಚನೆ. ದೂರದ ಪೂರ್ವ ಕರಾವಳಿಯಲ್ಲಿ ಮಿಲ್ಟನ್ ಎಬ್ಬಿಸಿದ ಸುಂಟರಗಾಳಿಗೆ ಜನ ಸತ್ತಿದ್ದರು.

ಆಯುಧಪೂಜೆಗೆ ಅಳಿಯ ಕಾರು ತೊಳೆಯಲಿಲ್ಲ, ನೀರಿಗೆ ಬರ. ಒಂದು ನಿಂಬೆಹಣ್ಣು, ಚಿಟಿಕೆ ಕುಂಕುಮ ಸಾಕೆಂದರು ಅಜ್ಜಿ. ಟ್ಯಾಂಕಿನಲ್ಲಿ ಪೆಟ್ರೋಲ್ ಇರಲಿಲ್ಲ. ಮರುದಿನ ವಿಜಯದಶಮಿ, ರಾಜ್ಯ ಸರ್ಕಾರ ತೆರೆದ ಕೇಂದ್ರಗಳಲ್ಲಿ ಕಾರಿಗೆ ಹತ್ತು ಗ್ಯಾಲನ್, ಎಂದರೆ ಸುಮಾರು 38 ಲೀಟರ್, ಪುಕ್ಕಟೆ ಕೊಡುತ್ತಾರೆಂದು ಸುದ್ದಿ ಬಂತು. ಬನ್ನಿ ಹಂಚುವ ದಿನ ಅಳಿಯ ಪೆಟ್ರೋಲಿನ ಸಾಲಿನಲ್ಲಿ ನಿಂತಿದ್ದ. ಭಾನುವಾರ ಊರಿಗೆ ಮರಳಿದರು. ಎದುರುಮನೆಯ ಮುದುಕಿ ಶಾಲೆಯಿಂದ ಸುರಕ್ಷಿತವಾಗಿ ಬಂದಿದ್ದರು.

ಆ ಬೀದಿಯ ಮಕ್ಕಳ ಶಾಲೆ ಇನ್ನೂ ತೆರೆದಿರಲಿಲ್ಲ. ತಂದೆತಾಯಿಯರು ಮನೆ ತೊಳೆಯುವುದರಲ್ಲಿ ಮುಳುಗಿದ್ದರು; ಮಕ್ಕಳು ಮೊಳೆ, ಗಾಜುಗಳ ನಡುವೆ ಆಡುತ್ತಿದ್ದರು. ಅಜ್ಜಿಗೆ ತಡೆಯಲಿಲ್ಲ. ಹಳೆಯ ಅಭ್ಯಾಸ, ಮೊಮ್ಮಗಳನ್ನು ದುಭಾಷಿಯಾಗಿ ಕರೆದುಕೊಂಡು ಮನೆಮನೆಗೆ ಹೋಗಿ ಬಂದರು. ಮಾರನೆಯ ದಿನದಿಂದ ಗೋಡೆಯ ಕೆಳಭಾಗವಿಲ್ಲದ ಆ ಗ್ಯಾರೇಜಿನಲ್ಲಿ ಒಂಬತ್ತು ಮಕ್ಕಳು ಕೂತರು. ಮಗಳು ಪಾಠ ಹೇಳಿದಳು, ಅಜ್ಜಿ ಕೂಸನ್ನು ತೂಗಿದರು. ಕೂಸು ಮಲಗಿದಾಗ ಅಜ್ಜಿ ಪಾಠ ಹೇಳಿದರು, ಮಗಳು ಮಲಗಿದಳು. ಶಾಲೆಗಳು ತೆರೆಯುವವರೆಗೆ ಹೀಗೆಯೇ ನಡೆಯಿತು.

ದಿನಚರಿಯಲ್ಲಿ ಆ ಮೂರು ವಾರಗಳು ಖಾಲಿ ಉಳಿದವೆಂದು ಮಗಳು ಕೊರಗುತ್ತಿದ್ದಳು. ಒಂದು ರಾತ್ರಿ ಕುಳಿತು ನೆನಪು ಮಾಡಿಕೊಂಡು ಬರೆದಳು: ಗ್ರಾಫೈಟು ಕರಗುವುದಿಲ್ಲ, ಬತ್ತಿ ಮತ್ತು ಗೋಡೆ, ಇನ್ಸುಲಿನ್ ಕಾಪಾಡುವ ಬಗೆ, ವಾಯುಭಾರದ ಅಂಕಿಗಳು, ಕನ್ನಡದಲ್ಲಿ, ಬಿರುಗಾಳಿಯ ಚಕ್ರ, ಗರಗಸ ಹಿಡಿಯುವುದು. ಬರೆದ ಮೇಲೆ ಅವಳಿಗೇ ಹೊಳೆಯಿತು: ಇದರಲ್ಲಿ ತಾನೊಬ್ಬಳೇ ಕಲಿಸಿದ್ದು ಒಂದೂ ಇಲ್ಲ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಬಹುದು. ಆದರೆ ಮನೆಯೊಂದರಿಂದಲೇ ಆಗುವ ಪಾಠ ಇವಲ್ಲ. ಪಕ್ಕದ ಮನೆಯವರು ಬೇಕು, ಪರವೂರಿನ ಸ್ನೇಹಿತರು ಬೇಕು, ಹೊಳೆ ಬಂದಾಗ ಬೀಗ ತೆಗೆಯುವ ಶಾಲೆಯೂ ಬೇಕು. 2025ರ ಬೇಸಿಗೆಯಲ್ಲಿ ಮೌಲ್ಯಮಾಪನಕ್ಕೆ ಬಂದ ಶಿಕ್ಷಕಿ ಹೊಸ ಹಾಳೆಗಳನ್ನು ಬೇಗ ಮಗುಚಿ, ಆ ಲಕೋಟೆಯ ಹತ್ತಿರ ಬಹಳ ಹೊತ್ತು ನಿಂತರು. ಕನ್ನಡ ಅಂಕಿಗಳನ್ನು ಓದಲು ಹುಡುಗಿಯಿಂದ ಹೇಳಿಸಿಕೊಂಡು, ತಾವೂ ಒಂದರಿಂದ ಹತ್ತು ಬರೆದು ನೋಡಿ, ಆಮೇಲೆ ಸಹಿ ಹಾಕಿದರು.

ಅಜ್ಜಿ ಆ ಹೊತ್ತಿಗೆ ಊರಿನಲ್ಲಿದ್ದರು. ವೀಸಾದ ಆರು ತಿಂಗಳು ಮುಗಿಯುವ ಮುನ್ನ ಜನವರಿಯಲ್ಲಿ ಹೊರಟಾಗಲೂ, ‘ಏನೇ ಆಗಲಿ, ಮಕ್ಕಳು ಶಾಲೆಯಲ್ಲಿರಬೇಕು’ ಎಂಬ ತಮ್ಮ ಮಾತನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಮಗಳೂ ತನ್ನದನ್ನು ಬಿಟ್ಟಿಲ್ಲ. ಆದರೆ ಮನೆಯಲ್ಲಿ ಕಲಿಯುವ ಮಕ್ಕಳೂ ಸರ್ಕಾರಿ ಶಾಲೆಯ ಆಟ, ಸಂಗೀತಗಳಿಗೆ ಸೇರಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಹುಡುಗಿ ಈಗ ವಾರಕ್ಕೆರಡು ದಿನ ಹತ್ತಿರದ ಶಾಲೆಯ ವಾದ್ಯವೃಂದಕ್ಕೆ ಹೋಗುತ್ತಾಳೆ. ‘ಅರ್ಧ ಹಾಜರಿ ಹಾಕಿದ್ದೇನೆ’ ಎಂದು ಅಜ್ಜಿ ಫೋನಿನಲ್ಲಿ ಹೇಳುತ್ತಾರೆ.

ಬಹಳ ಹಾನಿ ಮಾಡಿದ ಬಿರುಗಾಳಿಯ ಹೆಸರನ್ನು ಮತ್ತೆ ಇಡುವುದಿಲ್ಲವೆಂಬುದು ಹವಾಮಾನ ಸಂಸ್ಥೆಯ ಪದ್ಧತಿ. ಹೆಲೀನ್, ಮಿಲ್ಟನ್ ಎರಡೂ ಹೆಸರುಗಳನ್ನು 2025ರಲ್ಲಿ ಪಟ್ಟಿಯಿಂದ ತೆಗೆದರು. ಬೇರೆ ಹೆಸರುಗಳು ಬಂದೇ ಬರುತ್ತವೆ. ಜೂನ್ ಒಂದರಿಂದ ನವೆಂಬರ್ ಮೂವತ್ತರವರೆಗೆ ಪ್ರತಿವರ್ಷವೂ ಅವುಗಳ ಕಾಲ. ಗ್ಯಾರೇಜಿಗೆ ಹೊಸ ಹಲಗೆ ಬಂದಿದೆ. ಕಪಾಟಿನಲ್ಲಿ ಪುಸ್ತಕಗಳು ಶುರುವಾಗುವುದು ಈಗ ಮೂರನೆಯ ಅಂತಸ್ತಿನಿಂದ. ಕೆಳಗಿನ ಎರಡರಲ್ಲಿ, ನೆಂದರೂ ಕೆಡದ, ಒಂದರೊಳಗೊಂದು ಸೇರಿಸಿಟ್ಟ ಒಂಬತ್ತು ಪ್ಲಾಸ್ಟಿಕ್ ಸ್ಟೂಲುಗಳಿವೆ.